ಫತ್ಹಿ ಚಿಕ್ಕಪ್ಪನ ಗಂಟಲಿನ ಖರ್ಜೂರ

ಮಾರ್ಚ್ 3, ಭಾನುವಾರ

ಈ ಹಾಳೆಯ ಹಿಂಬದಿಯಲ್ಲಿ ಅರ್ಧ ಮೂತ್ರಪಿಂಡವಿದೆ. ಉಳಿದರ್ಧ ಝೆರಾಕ್ಸ್ ಯಂತ್ರದೊಳಗೆ ಸಿಕ್ಕಿಕೊಂಡು ಹರಿಯಿತು. ಹಾಳಾದ ಹಾಳೆಗಳನ್ನು ಎಸೆಯಲು ಅಂಗಡಿಯ ಒಡತಿ ಸಿತ್ತ್ ಇನ್ಶಿರಾಹ್ ಬಿಡುವುದಿಲ್ಲ. ಅರ್ಧ ಅವರ ಅಡುಗೆಮನೆಗೆ ಹೋಗುತ್ತವೆ, ಮೀನು ಸುತ್ತಿಡಲು. ಅರ್ಧ ನನಗೆ. ಅವುಗಳ ಖಾಲಿ ಬೆನ್ನಿನ ಮೇಲೆ ನಾನು ಇದನ್ನು ಬರೆಯುತ್ತೇನೆ. ಯಾರೂ ಓದುವುದಿಲ್ಲ. ಯಾರಾದರೂ ಎತ್ತಿಕೊಂಡರೂ ಮೂತ್ರಪಿಂಡವನ್ನೇ ಓದುತ್ತಾರೆ.

ಇವತ್ತು ಒಂದು ಸಂಗತಿ ನಡೆಯಿತು. ನರ್ಸಿಂಗ್ ಕಾಲೇಜಿನ ಮೆಟ್ಟಿಲ ಕೆಳಗಿನ ಈ ಝೆರಾಕ್ಸ್ ಅಂಗಡಿಯಲ್ಲಿ ನಾನು ಮೂರು ವರ್ಷದಿಂದ ಹಸಿರು ಗುಂಡಿ ಒತ್ತುತ್ತಿದ್ದೇನೆ. ಅಷ್ಟು ದಿನದಲ್ಲಿ ಒಬ್ಬ ಪ್ರೊಫೆಸರೂ ನನ್ನ ಮುಖ ನೋಡಿದ್ದಿಲ್ಲ, ನಾನೂ ತೋರಿಸಿರಲಿಲ್ಲ. ಇವತ್ತು ಡಾಕ್ಟರ್ ಬಹೀಗಾ ಬಂದವರು ಯಂತ್ರದ ಮೇಲಿನ ಫಲಕ ನೋಡಿ ನಿಂತುಬಿಟ್ಟರು. ಪ್ರಥಮ ಚಿಕಿತ್ಸೆ ಕಲಿಸುವವರು ಅವರು.

"ಇನ್ಶಿರಾಹ್, ಇದನ್ನ ಯಾರು ಬರೆದಿದ್ದು?"

"ಯಾಕೆ ಡಾಕ್ಟರ್, ತಪ್ಪಿದೆಯಾ?"

"ತಪ್ಪಿಲ್ಲಮ್ಮಾ. 'ಯಂತ್ರಕ್ಕೆ ಒರಗಬೇಡಿ' ಅಂತ ಇಷ್ಟು ಚೆಂದ ಬರೆದ್ರೆ, ಹತ್ತಿರದಿಂದ ನೋಡೋಕೆ ಅಂತಾನೇ ಜನ ಬಂದು ಒರಗ್ತಾರೆ."

"ಅಗೋ, ಹಿಂದೆ ಅಡಗಿ ಕೂತಿದೆಯಲ್ಲ ಒಂದು ಇಲಿ, ಅದೇ ಬರೆದಿದ್ದು. ಲೋ ಹಿಲ್ಮಿ, ಎದ್ದು ಬಾರೋ. ಅವರು ಇಂಜೆಕ್ಷನ್ ತಂದಿಲ್ಲ."

ನಾನು ಎದ್ದೆ. ಎದ್ದ ರಭಸಕ್ಕೆ ಯಂತ್ರದ ಕಾಗದದ ಟ್ರೇ ಕೆಳಗೆ ಬಿತ್ತು.

ಡಾಕ್ಟರ್ ಕೈಯಲ್ಲಿ ಒಂದು ಚಿತ್ರಕಥೆ ಪುಸ್ತಕವಿತ್ತು. ಮಾರ್ಸೇಲ್‌ನಲ್ಲಿ ಅವರಂತೆಯೇ ನರ್ಸಿಂಗ್ ಕಲಿಸುವ ಗೆಳತಿ ಮದಾಂ ಸೊಲಾಂಜ್ ಕಳಿಸಿದ್ದಂತೆ. ಪುಟಕ್ಕೊಂದು ಸಾಲು, ಸಾಲಿಗೆ ನಾಲ್ಕು ಚೌಕ, ಒಂದು ಸಾಲಿನಲ್ಲಿ ಒಂದು ಅಪಘಾತ ಮತ್ತು ಅದರ ಚಿಕಿತ್ಸೆ. ಮಾತೇ ಇಲ್ಲ. ಪ್ರತಿ ಚೌಕದ ತಲೆಯ ಮೇಲೆ ಫ್ರೆಂಚಿನಲ್ಲಿ ಒಂದೊಂದು ಪದ ಮಾತ್ರ. ಅದನ್ನು ಬಿಳಿ ಬಣ್ಣದಿಂದ ಅಳಿಸಿ ಅರಬ್ಬಿಯಲ್ಲಿ 'ಮೊದಲು', 'ಆಮೇಲೆ', 'ಆಮೇಲೆ', 'ಕೊನೆಗೆ' ಎಂದು ಬರೆಯಬೇಕು.

"ನನ್ನ ಕೈಬರಹ ನಂಗೇ ಓದೋಕಾಗಲ್ಲ ಮಗನೇ," ಎಂದರು. "ಈ ಹುಡುಗರು ನಲವತ್ತು ಪುಟದ ನೋಟ್ಸ್ ಬಾಯಿಪಾಠ ಮಾಡ್ತಾರೆ. ರೋಗಿ ಎದುರಿಗೆ ಬಂದ್ರೆ ಅವನಿಗೆ ನೋಟ್ಸ್ ಒಪ್ಪಿಸ್ತಾರೆ, ಅಷ್ಟರಲ್ಲಿ ಅವನು ಹೋಗಿರ್ತಾನೆ. ಚಿತ್ರ ನೋಡಿ ಕಲೀಲಿ ಅಂತ ನನ್ನಾಸೆ. ಡೀನ್ ಸಾಹೇಬ್ರಿಗೆ ಇದು ಎಳೆ ಮಕ್ಕಳ ಆಟ. ತಿಂಗಳ ಕೊನೆಗೆ ಅವರ ಎದುರೇ ಪ್ರಯೋಗ ಪರೀಕ್ಷೆ. ಚೆನ್ನಾಗಿ ಮಾಡಿದ್ರೆ ಕಾಮಿಕ್ಸ್ ಉಳಿಯುತ್ತೆ. ಇಲ್ಲದಿದ್ರೆ ಹಳೇ ನೋಟ್ಸೇ ಗತಿ. ಬರೀತೀಯಾ?"

ತಲೆಯಾಡಿಸಿದೆ.

ಇವತ್ತು ಆಡಿದ ಮಾತು ಒಟ್ಟು ಒಂಬತ್ತು. ಏಳು ಸಲ 'ಎಷ್ಟು ಪ್ರತಿ', ಎರಡು ಸಲ 'ಆಯ್ತು'. ತಲೆಯಾಡಿಸಿದ್ದು ಲೆಕ್ಕಕ್ಕಿಲ್ಲ.

ಮಾರ್ಚ್ 5, ಮಂಗಳವಾರ

ಹಿಂಬದಿ: ದೊಡ್ಡ ಕರುಳು, ಓರೆಯಾಗಿ.

ಅಪ್ಪನ ಜೊಂಡಿನ ಲೇಖನಿಗಳನ್ನು ಬೀರುವಿನ ಮೇಲಿನಿಂದ ಇಳಿಸಿದೆ. ಕರ್ಮೂಸ್ ಬೀದಿಯ ಅರ್ಧ ಅಂಗಡಿಗಳ ಹೆಸರು ಅಪ್ಪ ಬರೆದದ್ದು. ಆರನೇ ತರಗತಿ ಮುಗಿದ ಮೇಲೆ ನಾನು ಅವರ ಬಣ್ಣದ ಡಬ್ಬಿ ಹಿಡಿದು ಹೋದೆ, ಶಾಲೆಗೆ ವಾಪಸು ಹೋಗಲಿಲ್ಲ. ನನ್ನ ಕೈ ಕುದುರುವ ಹೊತ್ತಿಗೆ ಪ್ಲಾಸ್ಟಿಕ್ ಬ್ಯಾನರ್ ಬಂತು. ಈಗ ಅಪ್ಪ ಕಾಫಿ ಅಂಗಡಿಯಲ್ಲಿ ಕೂತು ಪಗಡೆ ಆಡುತ್ತಾ ಎದುರಿನ ಬ್ಯಾನರುಗಳನ್ನು ಬೈಯುತ್ತಾರೆ.

ನಾನು ಬರೆದ 'ಆಮೇಲೆ' ನೋಡಿ, "ಹೊಟ್ಟೆ ಒಳಗೆ ಹೋಗಿದೆಯಲ್ಲೋ, ಮೂರು ದಿನದಿಂದ ಊಟ ಕಂಡಿಲ್ವಾ ಈ ಅಕ್ಷರ?" ಎಂದರು. ಇಪ್ಪತ್ತು ಸಲ ಬರೆದ ಮೇಲೆ, "ಹ್ಞೂಂ, ಈಗ ತಿಂದಿದೆ."

ಆಮೇಲೆ ಹಳೆಯ ಪಾಠವನ್ನೇ ಹೇಳಿದರು. "ಬೋರ್ಡು ಬರೆಯೋನು ಅಂಗಡಿ ಒಳಗೆ ಇಣುಕಬಾರದು. ಅವನು ಕಟುಕನೋ ಕ್ಷೌರಿಕನೋ, ಅದು ನಿನ್ನ ಕೆಲಸ ಅಲ್ಲ. ಅಕ್ಷರ ಮಾತ್ರ ನೋಡು."

ಮಾರ್ಚ್ 10, ಭಾನುವಾರ

ಮುಗಿಯಿತು. ಮೂವತ್ತೆರಡು ಪುಟ. ಬಲತುದಿಯ ಚೌಕಕ್ಕೆ 'ಮೊದಲು', ಅದರ ಪಕ್ಕಕ್ಕೆ 'ಆಮೇಲೆ', ಮತ್ತೊಂದು 'ಆಮೇಲೆ', ಎಡತುದಿಗೆ 'ಕೊನೆಗೆ'. ಇನ್ನೆಲ್ಲಿಂದ ಶುರು ಮಾಡುವುದು? ಬರಹ ಹುಟ್ಟುವುದೇ ಬಲಗಡೆಯಲ್ಲಿ.

ಇಣುಕಬಾರದೆಂದರೂ ಇಣುಕಿದೆ. ವೈದ್ಯಶಾಸ್ತ್ರ ಬಹಳ ವಿಚಿತ್ರ. ಗಂಟಲಿಗೆ ಸಿಕ್ಕಿಕೊಂಡವನ ಪಾಠ ಹೀಗಿದೆ. ಮೊದಲು ಅವನು ನಗುತ್ತಾ ನರ್ಸಿನ ಕೈ ಕುಲುಕುತ್ತಾನೆ. ಆಮೇಲೆ ನರ್ಸು ಹಿಂದಿನಿಂದ ಬಂದು ಅವನ ಹೊಟ್ಟೆ ಹಿಸುಕುತ್ತಾಳೆ, ಒಂದು ಖರ್ಜೂರ ಗಾಳಿಯಲ್ಲಿದೆ. ಆಮೇಲೆ ಅವನು ಕತ್ತು ಹಿಡಿದುಕೊಂಡು ನೀಲಿಯಾಗುತ್ತಾನೆ. ಕೊನೆಗೆ ಕುರ್ಚಿಯಲ್ಲಿ ಕೂತು ಖರ್ಜೂರ ತಿನ್ನುತ್ತಾನೆ. ಅಷ್ಟು ಹಿಸುಕಿಸಿಕೊಂಡವನಿಗೆ ಹಸಿವಾಗುವುದು ಸಹಜ.

ಸುಟ್ಟ ಗಾಯದ್ದು ಇನ್ನೂ ಚೆನ್ನಾಗಿದೆ. ಮೊದಲು ಕೈಗೆ ಬಟ್ಟೆ ಕಟ್ಟಿರುತ್ತದೆ. ಆಮೇಲೆ ಕೈಯನ್ನು ನಲ್ಲಿಯ ಕೆಳಗೆ ಹಿಡಿಯಬೇಕು. ಆಮೇಲೆ ಅದರ ಮೇಲೆ ಬಿಸಿ ಟೀ ಚೆಲ್ಲಬೇಕು. ಕೊನೆಗೆ ರೋಗಿ ಆರಾಮಾಗಿ ಟೀ ಕುಡಿಯುತ್ತಾನೆ. ಟೀಯಿಂದ ಮುಗಿಯುವುದರಿಂದ ಇದರ ಬಗ್ಗೆ ನನಗೆ ಯಾವ ಅನುಮಾನವೂ ಬರಲಿಲ್ಲ. ನಮ್ಮಲ್ಲಿ ಯಾವ ಕೆಲಸ ಟೀಯಿಂದ ಮುಗಿಯುವುದಿಲ್ಲ?

ಓದಿದವರ ವಿಷಯ. ನನ್ನದು ಆರನೇ ತರಗತಿ.

ಮಾರ್ಚ್ 12, ಮಂಗಳವಾರ

ಡಾಕ್ಟರ್ ಬಹೀಗಾ ಅಸ್ವಾನಿಗೆ ಹೋಗಿದ್ದಾರೆ, ಮಗಳಿಗೆ ಹೆರಿಗೆ. ಫೋನಿನಲ್ಲಿ ಕೂಗಿದರು, ಹಿಂದೆ ಮಗು ಅದಕ್ಕಿಂತ ಜೋರಾಗಿ ಕೂಗುತ್ತಿತ್ತು. "ಬರೆದಾಯ್ತಾ? ಚೆನ್ನಾಗಿ ಬಂದಿದೆಯಾ? ಅರವತ್ತು ಪ್ರತಿ ತೆಗೆದು ಹಂಚಿಬಿಡು ಮಗನೇ, ನಾನು ಬರೋ ಹೊತ್ತಿಗೆ ಪರೀಕ್ಷೆನೇ ಬಂದಿರುತ್ತೆ."

"ಆಯ್ತು," ಎಂದೆ. ಇವತ್ತು ಆಡಿದ ಮಾತು ಆರು.

ಮಾರ್ಚ್ 19, ಮಂಗಳವಾರ

ಹಿಂಬದಿ: ಎನಿಮಾ ಕೊಡುವ ವಿಧಾನ. ದೇವರೇ.

ಶಿನೂದ ಎಂಬ ವಿದ್ಯಾರ್ಥಿ ಬಂದಿದ್ದ. ಬೀರುವಿನಷ್ಟು ದೊಡ್ಡ ಆಳು, ಮೀಸೆ ಬೇರೆ, ರಕ್ತ ಕಂಡರೆ ಮೂರ್ಛೆ ಹೋಗುತ್ತಾನಂತೆ. ನನ್ನ ಪುಟಗಳನ್ನು ಎದೆಗೆ ಒತ್ತಿಕೊಂಡಿದ್ದ.

"ಈ ಅಕ್ಷರ ಬರೆದಿದ್ದು ನೀನಾ? ಕೈಗೆ ಮುತ್ತು ಕೊಡ್ಬೇಕು ಕಣಯ್ಯಾ. ಮೂವತ್ತೆರಡೂ ಬಾಯಿಪಾಠ ಆಯ್ತು. ಹಿಡಿ, ಯಾವ ಪುಟ ಬೇಕಾದ್ರೂ ಕೇಳು."

ನಾನು ಕೇಳಲಿಲ್ಲ. ಸಿತ್ತ್ ಇನ್ಶಿರಾಹ್ ಸೂರ್ಯಕಾಂತಿ ಬೀಜ ಉಗುಳುತ್ತಾ, "ಸುಟ್ಟ ಗಾಯ," ಎಂದರು.

"ಬಟ್ಟೆ, ನೀರು, ಬಿಸಿ ಟೀ, ಟೀ!"

"ಅದೇನೋ ಅದು, ಸುಟ್ಟಿದ್ದಕ್ಕೆ ಬಿಸಿ ಟೀ?"

"ನಂಗೂ ಮೊದಲು ಹಾಗೇ ಅನ್ನಿಸ್ತು. ಆದ್ರೆ ಪುಸ್ತಕದಲ್ಲಿದೆಯಲ್ಲ, ಸಿತ್ತ್. ಪುಸ್ತಕದಲ್ಲಿ ಇರೋದೇ ಪರೀಕ್ಷೇಲಿ ಬರೋದು. ಫ್ರಾನ್ಸಿನ ಹೊಸ ವಿಧಾನ ಇರಬೇಕು."

"ಅದಕ್ಕೇ ಅವರ ಬಿಸ್ಕತ್ತು ಹಾಗಿರೋದು," ಎಂದರು ಸಿತ್ತ್ ಇನ್ಶಿರಾಹ್.

ಕೇಳಬೇಕೆನಿಸಿತು. ಯಾರನ್ನು? ಹೇಗೆ? ಹಸಿರು ಗುಂಡಿ ಒತ್ತಿದೆ.

ಮಾರ್ಚ್ 25, ಸೋಮವಾರ

ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ಡಾಕ್ಟರ್ ಬಹೀಗಾ ಬೆಳಗಿನ ರೈಲಿಗೆ ಇಳಿದು ನೇರ ಪರೀಕ್ಷೆಗೇ ಬಂದರು. ಅಂಕಪಟ್ಟಿ ಕೊಡುವ ನೆಪದಲ್ಲಿ ನಾನು ಬಾಗಿಲ ಸಂದಿಯಲ್ಲಿ ನಿಂತೆ. ಡೀನ್ ರಿಫಾತ್ ಸಾಹೇಬರು ಮೊದಲ ಸಾಲಿನಲ್ಲಿ, ಹೊಟ್ಟೆಯ ಮೇಲೆ ಕೈಕಟ್ಟಿ ಕೂತಿದ್ದರು. ಮೇಜಿನ ಹತ್ತಿರ ನಿಲ್ಲಿಸಿದ ಅಭ್ಯಾಸದ ರಬ್ಬರ್ ಬೊಂಬೆ, ಪಕ್ಕದಲ್ಲಿ ಒಂದು ಖಾಲಿ ಕುರ್ಚಿ. ಹುಡುಗರು ಅದಕ್ಕೆ ಫತ್ಹಿ ಚಿಕ್ಕಪ್ಪ ಎನ್ನುತ್ತಾರೆ.

ಶಿನೂದನನ್ನು ಕರೆದರು. "ಈ ಮನುಷ್ಯನ ಗಂಟಲಿಗೆ ಆಹಾರ ಸಿಕ್ಕಿದೆ. ಏನು ಮಾಡ್ತೀಯಾ?"

ಶಿನೂದ ಧೈರ್ಯವಾಗಿ ಹೋಗಿ ಫತ್ಹಿ ಚಿಕ್ಕಪ್ಪನ ಕೈ ಕುಲುಕಿದ. ಮುಗುಳ್ನಕ್ಕ. ಡೀನ್ ಸಾಹೇಬರೂ ಮುಗುಳ್ನಕ್ಕರು, ಸಭ್ಯ ಹುಡುಗ ಎಂದುಕೊಂಡಿರಬೇಕು. ಆಮೇಲೆ ಹಿಂದೆ ಹೋಗಿ ಹೊಟ್ಟೆ ಹಿಸುಕಿದ. ಡಾಕ್ಟರ್ ಬಹೀಗಾ ತಲೆದೂಗಿದರು. ಅಷ್ಟರಲ್ಲಿ ಶಿನೂದ ಜೇಬಿನಿಂದ ಒಂದು ಖರ್ಜೂರ ತೆಗೆದು ಫತ್ಹಿ ಚಿಕ್ಕಪ್ಪನ ಬಾಯಿಗೆ ತುರುಕಿ, ಹೆಬ್ಬೆರಳಿನಿಂದ ಗಂಟಲಿನ ಆಳಕ್ಕೆ ಒತ್ತಿದ.

"ಏನು ಮಾಡ್ತಿದ್ದೀಯೋ?" ಎಂದು ಡಾಕ್ಟರ್ ಕೂಗಿದರು.

"ಮೂರನೇ ಚೌಕ, ಡಾಕ್ಟರ್! ಈಗ ನೀಲಿ ಆಗ್ತಾರೆ! ಆಮೇಲೆ ಕೂರಿಸ್ಬೇಕು!"

ಕೂರಿಸಲು ಎಳೆದಾಗ ಫತ್ಹಿ ಚಿಕ್ಕಪ್ಪನ ತಲೆ ಕಳಚಿ ಉರುಳಿ ಡೀನ್ ಸಾಹೇಬರ ಬೂಟಿನ ಹತ್ತಿರ ನಿಂತಿತು. ಬಾಯಿಯಲ್ಲಿ ಖರ್ಜೂರ ಹಾಗೆಯೇ ಇತ್ತು.

ಡೀನ್ ಸಾಹೇಬರು ತಲೆಯನ್ನು ನೋಡಿದರು, ತಲೆ ಅವರನ್ನು ನೋಡಿತು. "ಡಾಕ್ಟರ್ ಬಹೀಗಾ," ಎಂದರು, "ನೀವು ನರ್ಸುಗಳನ್ನ ತಯಾರು ಮಾಡ್ತಿದ್ದೀರೋ, ಕೊಲೆಗಾರರನ್ನೋ?"

ಡಾಕ್ಟರ್ ಶಿನೂದನ ಕೈಯಿಂದ ಪುಟ ಕಿತ್ತುಕೊಂಡು ನೋಡಿದರು. ಅವರ ಮುಖದ ಬಣ್ಣ ಇಳಿಯಿತು. "ಫ್ರೆಂಚರು ಎಡಗಡೆಯಿಂದ ಓದ್ತಾರೆ," ಎಂದರು ಮೆಲ್ಲಗೆ. "ಚಿತ್ರಾನೂ ಎಡಗಡೆಯಿಂದಾನೇ ಬರೀತಾರೆ. ನಾವು ಬಲಗಡೆಯಿಂದ 'ಮೊದಲು' ಅಂತ ಹಾಕಿದ್ದೀವಿ."

"ನಾವು ಅಂದ್ರೆ ಯಾರು?"

ಡಾಕ್ಟರ್ ಬಾಗಿಲ ಕಡೆಗೆ ನೋಡಲೇ ಇಲ್ಲ.

"ನಾನು. ತಪ್ಪು ನಂದೇ."

ಮಾರ್ಚ್ 26, ಮಂಗಳವಾರ

ಆಡಿದ ಮಾತು: ಸೊನ್ನೆ.

ಏಪ್ರಿಲ್ 1, ಸೋಮವಾರ

ಪುಟಗಳನ್ನೆಲ್ಲ ವಾಪಸು ತರಿಸಿದ್ದಾರೆ. ಡಾಕ್ಟರಿಗೆ ಮುಂದಿನ ವರ್ಷ ಪ್ರಥಮ ಚಿಕಿತ್ಸೆ ಇಲ್ಲವಂತೆ. 'ಆಸ್ಪತ್ರೆ ಹೊದಿಕೆಗಳ ಇತಿಹಾಸ' ಕಲಿಸಬೇಕಂತೆ. ವಾರದಲ್ಲಿ ಒಂದು ಗಂಟೆ. ಅವರು ಅಂಗಡಿಯ ಮುಂದೆ ಹೋಗುವಾಗ ನನ್ನನ್ನು ನೋಡಿ, "ನಾನು ನೋಡಬೇಕಿತ್ತು ಮಗನೇ," ಎಂದಷ್ಟೇ ಹೇಳಿದರು. ಬೈದಿದ್ದರೆ ಹಗುರಾಗುತ್ತಿತ್ತು.

"ಹೋಗಿ ಹೇಳೋ ಡೀನ್‌ಗೆ, ಬರೆದಿದ್ದು ನಾನು ಅಂತ," ಎಂದರು ಸಿತ್ತ್ ಇನ್ಶಿರಾಹ್.

ಹೋದೆ. ಡೀನ್ ಕೋಣೆಯ ಬಾಗಿಲ ತನಕ ಮೂರು ಸಲ ಹೋದೆ. ಮೂರನೇ ಸಲ ಬಾಗಿಲು ತಾನಾಗಿಯೇ ತೆರೆಯಿತು.

"ಓ, ಝೆರಾಕ್ಸ್ ಹುಡುಗ! ನಿನ್ನನ್ನೇ ಕರೆಸೋಣ ಅಂತಿದ್ದೆ," ಎಂದರು ಡೀನ್ ಸಾಹೇಬರು. "ಕೆಳಗಿನ ಫಲಕ ಬರೆದೋನು ನೀನಂತೆ. ನಂಗೊಂದು ಬೇಕು. ಮರದ ಹಲಗೆ ಮೇಲೆ, ದೊಡ್ಡದಾಗಿ: 'ಈ ಕಾಲೇಜಿನ ತರಗತಿಗಳಲ್ಲಿ ಚಿತ್ರಕಥೆ ನಿಷಿದ್ಧ.' ಅಕ್ಷರ ನೋಡಿದೋರು ಬೆರಗಾಗ್ಬೇಕು."

"ಆಯ್ತು," ಎಂದೆ.

ಈ ಬಾಯಿಯನ್ನು ಯಾರಾದರೂ ಹೊಲಿಯಲಿ.

ಏಪ್ರಿಲ್ 9, ಮಂಗಳವಾರ

ಡೀನ್ ಸಾಹೇಬರು ಮೂರು ಸಲ ಕೇಳಿದರು. ಮೊದಲ ಸಲ ಹಲಗೆ ಒಣಗಬೇಕು ಎಂದೆ. ಎರಡನೆಯ ಸಲ ಬಣ್ಣ ಒಣಗಬೇಕು ಎಂದೆ. ಮೂರನೆಯ ಸಲ ಸಮುದ್ರದ ಗಾಳಿಗೆ ಏನೂ ಒಣಗುತ್ತಿಲ್ಲ ಎಂದು ಇಡೀ ವಾಕ್ಯವನ್ನೇ ಆಡಿದೆ.

ಹಲಗೆ ಯಂತ್ರದ ಪಕ್ಕದಲ್ಲಿದೆ. 'ಈ ಕಾಲೇಜಿನ' ಎಂಬಲ್ಲಿಗೆ ನಿಂತಿದೆ. ಬಿಡುವಿದ್ದಾಗೆಲ್ಲ ಅದರ ಹಿಂದೆ ಕೂತು ಬೇರೆ ಏನೋ ಮಾಡುತ್ತಿದ್ದೇನೆ. ಆ ಮೂವತ್ತೆರಡು ಪಾಠಗಳನ್ನೂ ಹೊಸದಾಗಿ ಬರೆಯುತ್ತಿದ್ದೇನೆ, ಪುಟಕ್ಕೆ ನಾಲ್ಕು ಚೌಕ, ಬಲದಿಂದ ಎಡಕ್ಕೆ. ಡಾಕ್ಟರ ಋಣ ತೀರಿಸಲು ಬೇರೆ ದಾರಿ ತಿಳಿಯಲಿಲ್ಲ. ಮನುಷ್ಯರ ಚಿತ್ರ ನಾನು ಬರೆದವನಲ್ಲ, ಆದ್ದರಿಂದ ಗೊತ್ತಿರುವವರನ್ನೇ ಬರೆದೆ. ಉಸಿರು ಕಟ್ಟಿದವರು ಸಿತ್ತ್ ಇನ್ಶಿರಾಹ್, ಏಕೆಂದರೆ ಅವರು ದಿನವಿಡೀ ತಿನ್ನುತ್ತಾರೆ. ನರ್ಸು ಫತ್ಹಿ ಚಿಕ್ಕಪ್ಪ, ತಲೆ ಹಗ್ಗದಿಂದ ಕಟ್ಟಿದೆ.

ಒಂದು ತೊಡಕು. ಸಿತ್ತ್ ಇನ್ಶಿರಾಹ್ ಸುತ್ತ ಫತ್ಹಿ ಚಿಕ್ಕಪ್ಪನ ಕೈ ಬರುತ್ತಿಲ್ಲ. ಎಷ್ಟು ಉದ್ದ ಬರೆದರೂ ಸಾಲದು.

ಏಪ್ರಿಲ್ 16, ಮಂಗಳವಾರ

ಹಿಂಬದಿ ನೋಡಲಿಲ್ಲ.

ಶಿನೂದ ಹಲಗೆಯ ಹಿಂದೆ ಇಣುಕಿ ನನ್ನನ್ನು ಹಿಡಿದುಬಿಟ್ಟ. ನೋಡಿದ್ದೇ ಗಟ್ಟಿಯಾಗಿ ನಕ್ಕುಬಿಟ್ಟ. ಆಮೇಲೆ ಕೈಯ ತೊಡಕು ಅವನೇ ಬಿಡಿಸಿದ. ಹೊಟ್ಟೆಯ ಸುತ್ತ ಕೈ ಬರದಷ್ಟು ದಪ್ಪನೆಯವರಿಗೆ ಎದೆಯ ಮಟ್ಟದಲ್ಲಿ ಹಿಡಿದು ಒಳಕ್ಕೆ ಎಳೆಯಬೇಕಂತೆ. ಹಳೆಯ ನೋಟ್ಸಿನ ಮೂವತ್ತೇಳನೇ ಪುಟದಲ್ಲಿದೆ, ಬಾಯಿಪಾಠ ಒಪ್ಪಿಸಿದ.

"ಹಾಗಾದ್ರೆ ಮುಷ್ಟಿ ಎಲ್ಲಿಡಬೇಕು?" ಎಂದೆ.

"ಅದು... ಮೂವತ್ತೇಳನೇ ಪುಟದಲ್ಲಿ..."

"ಪುಟದಲ್ಲಿ ಅಲ್ಲ ಕಣೋ, ಮೈ ಮೇಲೆ ಎಲ್ಲಿ?"

ಅವನಿಗೆ ಗೊತ್ತಿರಲಿಲ್ಲ. ನಾವಿಬ್ಬರೂ ಡಾಕ್ಟರ್ ಬಹೀಗಾ ಅವರ ಹತ್ತಿರ ಹೋಗಿ ಕೇಳಿದೆವು. ಅವರು ಹೊದಿಕೆಗಳ ಪುಸ್ತಕ ಮುಚ್ಚಿ ಶಿನೂದನ ಎದೆಮೂಳೆಯ ನಡುವೆ ಬೆರಳಿಟ್ಟು ತೋರಿಸಿದರು. ಯಾಕೆ ಎಂದು ಅವರು ಕೇಳಲಿಲ್ಲ, ನಾವು ಹೇಳಲಿಲ್ಲ.

ಆ ಚೌಕವನ್ನು ಇವತ್ತು ಮತ್ತೆ ಬರೆದೆ. ನಲವತ್ತನೇ ಸಲ ಇರಬೇಕು. ಮಾತಿನ ಲೆಕ್ಕ ಇಡುವುದು ಮರೆತೇಹೋಯಿತು.

ಏಪ್ರಿಲ್ 24, ಬುಧವಾರ

ಬೆಳಗ್ಗೆ ಡೀನ್ ಸಾಹೇಬರು ಹೇಳಿ ಕಳಿಸಿದರು. ಮಧ್ಯಾಹ್ನ ಫಲಕ ಕೊಡದಿದ್ದರೆ ಪ್ಲಾಸ್ಟಿಕ್ ಬ್ಯಾನರ್ ಮಾಡಿಸುತ್ತಾರಂತೆ. ಆ ಮಾತು ಕೇಳಿ, ನಾಚಿಕೆಯಾಗುತ್ತದೆ ಬರೆಯಲು, ನಾನು ಕೂತು ಬರೆದು ಮುಗಿಸಿಬಿಟ್ಟೆ. 'ನಿಷಿದ್ಧ' ಇನ್ನೂ ಹಸಿಯಾಗಿತ್ತು. ಬಹಳ ಚೆಂದ ಬಂದಿತ್ತು. ಅಪ್ಪ ನೋಡಿದ್ದರೆ ಅಕ್ಷರ ಹೊಟ್ಟೆ ತುಂಬ ಉಂಡಿದೆ ಎನ್ನುತ್ತಿದ್ದರು.

ಸೋಮವಾರ ಶಮ್ಮ್ ಅಲ್-ನಸೀಮ್, ವಸಂತದ ಹಬ್ಬ. ಸಿತ್ತ್ ಇನ್ಶಿರಾಹ್ ಈರುಳ್ಳಿ ಸಿಪ್ಪೆಯಲ್ಲಿ ಮೊಟ್ಟೆ ಬೇಯಿಸಿ ಬಣ್ಣ ಬಂದಿದೆಯೇ ನೋಡಲು ಆರು ತಂದಿದ್ದರು. ಶಿನೂದ ಮತ್ತು ಅವನ ಸ್ನೇಹಿತರು ಮೂವರು ಅಂಗಡಿಯ ಮುಂದಿದ್ದರು. ಶಿನೂದನದು ಈಸ್ಟರ್ ಉಪವಾಸ, ಮೊಟ್ಟೆ ಮುಟ್ಟುವಂತಿಲ್ಲ. ನೋಡುವುದಕ್ಕೆ ಉಪವಾಸವಿಲ್ಲವಂತೆ.

"ನಿಮ್ಮ ವಯಸ್ಸಲ್ಲಿ ನಾನು ಇಡೀ ಮೊಟ್ಟೆ ಒಂದೇ ಸಲ ನುಂಗ್ತಿದ್ದೆ," ಎಂದರು ಸಿತ್ತ್ ಇನ್ಶಿರಾಹ್.

"ಬಿಡಿ ಸಿತ್ತ್, ಮಾತಾಡೋಕೇನು," ಎಂದ ಶಿನೂದ.

"ಏನೋ ಅಂದೆ?"

ಸಿಪ್ಪೆ ಸುಲಿದು ಇಡೀ ಮೊಟ್ಟೆ ಬಾಯಿಗೆ ಹಾಕಿಕೊಂಡರು. ಗೆದ್ದವರಂತೆ ಕೈ ಎತ್ತಿದರು. ಆ ಕೈ ಮೇಲೆಯೇ ನಿಂತಿತು. ಕಣ್ಣು ದೊಡ್ಡದಾಯಿತು. ಸದ್ದಿಲ್ಲ, ಕೆಮ್ಮಿಲ್ಲ.

"ಗಂಟಲಿಗೆ ಸಿಕ್ತು!" ಎಂದು ಒಬ್ಬ ಕೂಗಿದ.

"ಮೊದಲು ಕೈ ಕುಲುಕೋದಾ?"

"ಅಲ್ಲ ಕಣೋ, ಅದು ತಪ್ಪು ಅಂತ ಹೇಳಿದ್ರಲ್ಲ, ಅದು ಕೊನೆಗೆ!"

"ಯಾವ ಕಡೆಯಿಂದ ಕೊನೆಗೆ?"

ಶಿನೂದನ ಮುಖವೂ ನೀಲಿಯಾಗತೊಡಗಿತ್ತು.

ನಾನು ಯಂತ್ರದ ಮೇಲಿಂದ ಹಾರಿದೆನಂತೆ. ನನಗೆ ನೆನಪಿಲ್ಲ. ಹಿಂದಿನಿಂದ ಹೋಗಿ ಕಂಕುಳಿನ ಕೆಳಗೆ ತೋಳು ತೂರಿಸಿ, ಎದೆಮೂಳೆಯ ನಡುವೆ ಮುಷ್ಟಿಯಿಟ್ಟು, ಇನ್ನೊಂದು ಕೈಯಿಂದ ಅದನ್ನು ಹಿಡಿದು ಎಳೆದೆ. ನಲವತ್ತು ಸಲ ಬರೆದ ಚೌಕ, ಕೈಗೇ ದಾರಿ ಗೊತ್ತಿತ್ತು. ಒಂದು. ಎರಡು. ಮೂರನೆಯದಕ್ಕೆ ಮೊಟ್ಟೆ ಬಾಯಿಂದ ಚಿಮ್ಮಿ ಹೋಗಿ ಹಲಗೆಗೆ ಬಡಿದು, ಹಸಿಯಾಗಿದ್ದ 'ನಿಷಿದ್ಧ'ದ ಮೇಲಿಂದ ಜಾರಿ, ಇಡೀ ಪದವನ್ನು ಒರೆಸಿಕೊಂಡು ಕೆಳಗೆ ಬಿತ್ತು.

ಸಿತ್ತ್ ಇನ್ಶಿರಾಹ್ ಉಸಿರೆಳೆದುಕೊಂಡು ಕೂತರು. ಅವರ ಮೊದಲ ಮಾತು: "ಏಳು ವರ್ಷ ಆಯ್ತು ವಿಧವೆಯಾಗಿ. ನನ್ನ ಗಂಡಾನೂ ನನ್ನನ್ನ ಹೀಗೆ ಅಪ್ಪಿಕೊಂಡಿರಲಿಲ್ಲ."

ಆಗ ನೋಡಿದರೆ ಡೀನ್ ಸಾಹೇಬರು ಮೆಟ್ಟಿಲ ಮೇಲೆ ನಿಂತಿದ್ದಾರೆ. ಫಲಕ ಒಯ್ಯಲು ಬಂದವರು. ಹಲಗೆಯ ಮೇಲೆ ಈಗ 'ಈ ಕಾಲೇಜಿನ ತರಗತಿಗಳಲ್ಲಿ ಚಿತ್ರಕಥೆ' ಎಂದಷ್ಟೇ ಇತ್ತು, ಪಕ್ಕದಲ್ಲಿ ಮೊಟ್ಟೆಯ ಹಳದಿ.

"ಇದನ್ನ ನಿಂಗೆ ಯಾರು ಕಲಿಸಿದ್ದು?" ಎಂದರು.

"ಯಾರೂ ಇಲ್ಲ ಸಾಹೇಬ್ರೇ. ಬರೆದೆ."

"ಬರೆದೆ ಅಂದ್ರೆ?"

ಪುಟಗಳನ್ನು ತೋರಿಸಿದೆ. ಆಮೇಲೆ ಏನೇನೋ ಹೇಳಿದೆ. ಮಾರ್ಚಿನಲ್ಲಿ ಚೌಕಗಳನ್ನು ತಿರುಗುಮುರುಗು ಮಾಡಿದವನು ನಾನು, ಡಾಕ್ಟರ್ ಅಲ್ಲ. ಅವರು ನನ್ನ ಹೆಸರು ಹೇಳಲಿಲ್ಲ, ನಾನೂ ಹೇಳಲಿಲ್ಲ, ಅದು ಹೇಡಿತನ. ಈ ಹಲಗೆಯನ್ನು ಇನ್ನೊಮ್ಮೆ ಬರೆಯುವುದಿಲ್ಲ, ಬೇಕಿದ್ದರೆ ಪ್ಲಾಸ್ಟಿಕ್ಕಿನಲ್ಲಿ ಮಾಡಿಸಿಕೊಳ್ಳಿ. ಹೀಗೆಲ್ಲ.

"ಎಷ್ಟು ಓದಿದ್ದೀಯಾ?"

"ಆರನೇ ತರಗತಿ."

ಡೀನ್ ಸಾಹೇಬರು ಎದೆಮೂಳೆಯ ಚೌಕವನ್ನು ಬಹಳ ಹೊತ್ತು ನೋಡಿದರು. "ಈ ಬೊಂಬೆ ತಲೆಗೆ ಹಗ್ಗ ಯಾಕೆ?"

"ಬಿದ್ದೋಗುತ್ತಲ್ಲ, ಸಾಹೇಬ್ರೇ. ನಿಮ್ಮ ಕಾಲ ಹತ್ತಿರಾನೇ ಬಿದ್ದಿತ್ತು."

ಅವರ ಮೀಸೆ ಅಲುಗಿತು. ನಕ್ಕರೋ ಸಿಟ್ಟಾದರೋ ಗೊತ್ತಾಗಲಿಲ್ಲ. "ಮುಂದಿನ ಗುರುವಾರ ಮತ್ತೆ ಪರೀಕ್ಷೆ," ಎಂದರು. "ಈ ಪುಟಗಳಿಂದ. ಇನ್ನೊಂದು ತಲೆ ಉರುಳಿದ್ರೆ ಬ್ಯಾನರ್ ಖಂಡಿತ." ಎರಡು ಮೆಟ್ಟಿಲು ಹತ್ತಿ ತಿರುಗಿದರು. "ಆ ಅಕ್ಷರ ಹೋಗಿದ್ದು ಮಾತ್ರ ನಷ್ಟಾನೇ ಕಣಯ್ಯಾ."

ಏಪ್ರಿಲ್ 29, ಸೋಮವಾರ

ಹಬ್ಬ. ಇಡೀ ಊರು ಉಪ್ಪುಮೀನಿನ ವಾಸನೆ. ಅಪ್ಪನ ಜೊತೆ ಸಮುದ್ರದ ದಂಡೆಯಲ್ಲಿ ಕೂತೆ. ಪುಟಗಳನ್ನು ನೋಡಿ, "ಅಕ್ಷರ ಎಲ್ಲೋ? ಬರೀ ಇನ್ಶಿರಾಹ್ ಕಾಣ್ತಾಳೆ," ಎಂದರು. ಆಮೇಲೆ ಪಗಡೆಯ ಸ್ನೇಹಿತರಿಗೆಲ್ಲ ಒಬ್ಬೊಬ್ಬರಿಗೇ ತೋರಿಸಿ, ಮೀನು ಹಿಡಿದ ಕೈಯಿಂದಲೇ ಪುಟ ತಿರುಗಿಸಿದರು. ನಾಳೆ ಎರಡು ಪುಟ ಹೊಸದಾಗಿ ಬರೆಯಬೇಕು, ವಾಸನೆ ಹೋಗುತ್ತಿಲ್ಲ. ಗಂಟಲಿನ ಪುಟದಲ್ಲಿ ಈ ಸಲ ಖರ್ಜೂರದ ಬದಲು ಮೊಟ್ಟೆ.

ಏಪ್ರಿಲ್ 30, ಮಂಗಳವಾರ

ಡಾಕ್ಟರ್ ಬಹೀಗಾ, "ನೀನೇ ಬಂದು ತೋರಿಸು. ಈ ಹುಡುಗರಿಗೆ ಈಗ ನನ್ನ ದಿಕ್ಕಿನ ಮೇಲೆ ನಂಬಿಕೆ ಇಲ್ಲ," ಎಂದರು. ಅರವತ್ತು ಜನ. ಕಪ್ಪುಹಲಗೆಯ ಮೇಲೆ ಬಲದಿಂದ ಎಡಕ್ಕೆ ಒಂದು ದೊಡ್ಡ ಬಾಣ ಬರೆದೆ. ಹಿಂದಿನ ಸಾಲಿನಲ್ಲಿದ್ದ ಶಿನೂದನ ಸ್ನೇಹಿತರು "ಜೋರಾಗಿ, ಉಸ್ತಾದ್!" ಎಂದರು. ಯಾವ ಉಸ್ತಾದರು ಬಂದರು ಎಂದು ನಾನು ತಿರುಗಿ ನೋಡಿದೆ.

ಯಾವ ಚೌಕವನ್ನೂ ಬಾಯಿಪಾಠ ಮಾಡಬೇಡಿ, ಪುಟ ಮುಚ್ಚಿ ನೀವೇ ಬರೆಯಿರಿ ಎಂದೆ. ಬರೆದರು. ಶಿನೂದನ ಸಿತ್ತ್ ಇನ್ಶಿರಾಹ್ ಆಲೂಗಡ್ಡೆಯಂತಿದ್ದರು, ಆದರೆ ಮುಷ್ಟಿ ಸರಿಯಾದ ಜಾಗದಲ್ಲಿತ್ತು. ಸುಟ್ಟ ಗಾಯದಲ್ಲಿ ಕೊನೆಗೆ ಟೀ ಬೇಕೇ ಬೇಕು ಎಂದು ಅರ್ಧ ತರಗತಿ ಹಟ ಹಿಡಿಯಿತು. ಚಿಕಿತ್ಸೆ ಮುಗಿದ ಮೇಲೆ ಕುಡಿಯಬಹುದು ಎಂದು ಒಪ್ಪಂದವಾಯಿತು.

ಗಂಟಲು ಯಾಕೋ ಒಣಗಿದೆ. ಹವೆ ಬದಲಾಗಿರಬೇಕು.

ಮೇ 2, ಗುರುವಾರ

ಅರವತ್ತರಲ್ಲಿ ಐವತ್ತೇಳು ಜನ ಪಾಸು. ಫತ್ಹಿ ಚಿಕ್ಕಪ್ಪನ ತಲೆ ಜಾಗದಲ್ಲೇ ಇದೆ. ಶಿನೂದ ಎಲ್ಲ ಸರಿಯಾಗಿ ಮಾಡಿ, ಕೊನೆಗೆ ಬೊಂಬೆಯ ಕೈ ಕುಲುಕಿ, ಆಮೇಲೆ ಕೆಂಪು ಶಾಯಿಯ ಗಾಯ ಕಂಡು ಮೂರ್ಛೆ ಹೋದ. ಮೂವರು ಓಡಿ ಅವನ ಕಾಲು ಎತ್ತಿ ಹಿಡಿದರು. ಅದು ಹನ್ನೊಂದನೇ ಪುಟ. ಡೀನ್ ಸಾಹೇಬರು ಆ ಮೂವರಿಗೆ ಹೆಚ್ಚಿನ ಅಂಕ ಕೊಟ್ಟರು.

ಹೊದಿಕೆಗಳ ಇತಿಹಾಸಕ್ಕೆ ಬೇರೆಯವರನ್ನು ಹುಡುಕುತ್ತಿದ್ದಾರೆ.

ಮೇ 4, ಶನಿವಾರ

"ಲೋ, ಹೊಸ ಹಾಳೆ ಯಾಕೋ ತಗೊಂಡೆ? ಹಾಳಾದ್ದು ಅಷ್ಟೊಂದು ಬಿದ್ದಿದೆ," ಎಂದು ಸಿತ್ತ್ ಇನ್ಶಿರಾಹ್ ಈಗಷ್ಟೇ ಬೈದರು. ಕೈಗೆ ಸಿಕ್ಕಿದ್ದು ತೆಗೆದುಕೊಂಡೆ, ಅಷ್ಟೆ.

ಡಾಕ್ಟರ್ ನಮ್ಮ ಪುಟಗಳ ಫೋಟೋ ತೆಗೆದು ಮಾರ್ಸೇಲ್‌ನ ಮದಾಂ ಸೊಲಾಂಜ್‌ಗೆ ಕಳಿಸಿದ್ದರು. ಉತ್ತರ ಬಂದಿದೆ. ಡಾಕ್ಟರ್ ಅಂಗಡಿಗೇ ಬಂದು, ನಗು ತಡೆದುಕೊಳ್ಳುತ್ತಾ ಓದಿ ಹೇಳಿದರು: ಚಿತ್ರಗಳು ಬಹಳ ಚೆನ್ನಾಗಿವೆ, ನನ್ನ ವಿದ್ಯಾರ್ಥಿಗಳಿಗೆ ಆಗಲೇ ಹಂಚಿದ್ದೇನೆ. ಒಂದೇ ಪ್ರಶ್ನೆ. ಆ ಹೆಂಗಸು ನಗುತ್ತಾ ನಿಂತಿದ್ದಾಳೆ, ನರ್ಸು ಅವಳನ್ನು ಹಿಸುಕುತ್ತಾನೆ, ಅವಳು ನೀಲಿಯಾಗುತ್ತಾಳೆ, ಕೊನೆಗೆ ಬಾಯಿಗೆ ಇಡೀ ಮೊಟ್ಟೆ ತುರುಕುತ್ತೀರಿ. ಇದು ನಿಮ್ಮ ದೇಶದ ಪದ್ಧತಿಯೇ?

"ಅವರ ಪರೀಕ್ಷೆ ಯಾವತ್ತು ಅಂತ ಕೇಳಿ ಡಾಕ್ಟರ್," ಎಂದೆ. "ಬೇಗ ಕೇಳಿ. ಬೇಕಿದ್ರೆ ನಾನೇ ಹೋಗಿ ಹೇಳಿಕೊಟ್ಟು ಬರ್ತೀನಿ."

"ನೀನು ಫ್ರಾನ್ಸಿಗೆ ಹೋದ್ರೆ ಹಸಿರು ಗುಂಡಿ ಯಾರೋ ಒತ್ತೋದು, ನಿಮ್ಮಪ್ಪನಾ?" ಎಂದರು ಸಿತ್ತ್ ಇನ್ಶಿರಾಹ್. "ಆ ಹೆಂಗಸಿಗೆ ಬರೆದು ಕಳ್ಸಿ ಡಾಕ್ಟರ್, ಅದು ನಮ್ಮ ದೇಶದ ಪದ್ಧತಿ ಅಲ್ಲ, ನನ್ನದು!"

ಡಾಕ್ಟರ್ ಕೂತು ಟೀ ತರಿಸಿದರು. ನಾನು ಪ್ರತಿ ಪುಟದ ಮೇಲೆ ಬಲದಿಂದ ಎಡಕ್ಕೆ ದಪ್ಪನೆಯ ಬಾಣ ಬರೆದು, ಬಾಣದ ಬುಡದಲ್ಲಿ, ಅವರು ತೋರಿಸಿಕೊಟ್ಟಂತೆ, ಫ್ರೆಂಚಿನಲ್ಲಿ 'ಮೊದಲು' ಎಂದು ಬರೆದೆ. ಎಡದಿಂದ ಬಲಕ್ಕೆ ಬರೆಯುವಾಗ ಲೇಖನಿ ಹಿಂದಕ್ಕೆ ನಡೆದಂತಿತ್ತು. ಮೂವತ್ತೆರಡು ಸಲ ಬರೆದ ಮೇಲೆ ಆ ಅಕ್ಷರಗಳೂ ಹೊಟ್ಟೆ ತುಂಬಿಕೊಂಡವು. ಕೊನೆಯ ಪುಟದ ಕೆಳಗೆ ನನ್ನ ಹೆಸರು ಹಾಕಿದೆ. ಅದನ್ನು ಮಾತ್ರ ಬಲದಿಂದ ಎಡಕ್ಕೆ.